'ನೈಸ್': ಒಂದು ಗುಣವಾಚಕದ ಏಳುನೂರು ವರ್ಷ



ಈ ದತ್ತಿ ಉಪನ್ಯಾಸದ ಹೆಸರಿನಲ್ಲಿರುವ 'ದತ್ತಿ' ನಮ್ಮ ಶಾಸನಗಳ ಕಾಲದಿಂದ ಬಂದ ಮಾತು. ದೇವಾಲಯಕ್ಕೋ ಕೆರೆಗೋ ಓದಿಸುವ ಮಠಕ್ಕೋ ಗದ್ದೆ ತೋಟ ಬಿಟ್ಟುಕೊಟ್ಟವರು ಅದನ್ನು ಕಲ್ಲಿನಲ್ಲಿ ಕೊರೆಸಿ, ಇದನ್ನು ಕಾದವರಿಗೆ ಪುಣ್ಯ, ಕೆಡಿಸಿದವರಿಗೆ ಪಾಪ ಎಂದು ಕೊನೆಯಲ್ಲಿ ಬರೆಸುತ್ತಿದ್ದರು. ಪದಗಳೂ ನಮಗೆ ಹೀಗೆ ಬಂದ ದತ್ತಿಯೇ. ಬಿಟ್ಟವರ ಹೆಸರು ತಿಳಿಯದು, ಎಲ್ಲೆಯ ಕಲ್ಲು ಕಾಣದು. ಉಣ್ಣುವ ಹಕ್ಕು ನಮಗೆ ಬಂದಿದೆ, ಕಾಯುವ ಹೊಣೆಯೂ ಅದರ ಜೊತೆಗೇ ಬಂದಿದೆ. ಹೀಗಾಗಿ ಈ ದಿನದ ಮಾತನ್ನು ಒಂದೇ ಒಂದು ಪದಕ್ಕೆ ಮೀಸಲಿಡುತ್ತೇನೆ.

ಆ ಪದ 'ನೈಸ್'. ಇಂಗ್ಲಿಷಿನ ಅತಿ ಸಾಧಾರಣ ಗುಣವಾಚಕ. ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಬಿಸ್ಕತ್ತಿನ ಪೊಟ್ಟಣದ ಮೇಲಿದೆ, ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಬೆಂಗಳೂರಿನ ನೈಸ್ ರಸ್ತೆಯ ಹೆಸರು ಒಂದು ಕಂಪನಿಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಆದದ್ದು. ಫ್ರಾನ್ಸಿನ ಕಡಲತೀರದಲ್ಲಿ ಇದೇ ಅಕ್ಷರಗಳಲ್ಲಿ ಬರೆಯುವ ಊರಿನ ಹೆಸರು ಗ್ರೀಕಿನಿಂದ ಬಂದದ್ದು. ಅವೆರಡನ್ನೂ ಬದಿಗಿಡೋಣ. ಉಳಿದ ಪದವೇ ಸಾಕಷ್ಟು ದೊಡ್ಡದು.

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ಮಕ್ಕಳಿಗೆ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದ್ದೇನೆ. ಅವರ ಪ್ರಬಂಧಗಳಲ್ಲಿ ಕೆಂಪು ಶಾಯಿಯಿಂದ ನಾನು ಅತಿ ಹೆಚ್ಚು ಸಲ ಅಡಿಗೆರೆ ಎಳೆದ ಪದ ಇದು. ಪ್ರವಾಸದ ಮೇಲೆ ಬರೆಯಿರಿ ಎಂದರೆ ಜಾಗ ನೈಸ್, ಊಟ ನೈಸ್, ಜನ ನೈಸ್, ಹವೆ ನೈಸ್. ಅಡಿಗೆರೆ ಎಳೆದು, 'ಬೇರೆ ಪದ ಹುಡುಕು' ಎಂದು ಅಂಚಿನಲ್ಲಿ ಬರೆಯುತ್ತಿದ್ದೆ. ಏಕೆ ಬೇರೆ ಪದ ಬೇಕು, ಈ ಪದ ಮಾಡಿದ ತಪ್ಪೇನು ಎಂಬುದನ್ನು ಮಾತ್ರ ಬಿಡಿಸಿ ಹೇಳಲು ತರಗತಿಯ ಗಂಟೆ ಸಾಲುತ್ತಿರಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ಅರಿಯದವನ ಹೆಸರು

'ನೈಸ್' ಪದದ ಬೇರು ಲ್ಯಾಟಿನ್ನಿನ 'ನೆಸ್ಕಿಯುಸ್'. 'ನೆ' ಎಂದರೆ ಇಲ್ಲ, 'ಸ್ಕೀರೆ' ಎಂದರೆ ಅರಿ. ಎರಡೂ ಕೂಡಿ ಅರಿಯದವನು, ಏನೂ ತಿಳಿಯದವನು. ಅದೇ 'ಸ್ಕೀರೆ' ಧಾತುವಿನಿಂದ 'ಸೈನ್ಸ್' ಬಂತು. ಒಂದೇ ಮನೆಯಲ್ಲಿ ಹುಟ್ಟಿದ ಒಂದು ಪದ ಅರಿವಿನ ಹೆಸರಾಯಿತು, ಇನ್ನೊಂದು ಅರಿಯದವನ ಹೆಸರಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿದ್ದೀರಿ. ನಿಮ್ಮ ವಿಷಯಕ್ಕೂ ಈ ಪದಕ್ಕೂ ಇರುವ ನಂಟು ಇದು.

ಲ್ಯಾಟಿನ್ನಿನಿಂದ ಅದು ಹಳೆಯ ಫ್ರೆಂಚಿಗೆ ಇಳಿಯಿತು. ಅಲ್ಲಿ ಅದಕ್ಕೆ ಪೆದ್ದ, ಬೆಪ್ಪ ಎಂಬ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಸಾವಿರಗಟ್ಟಲೆ ಇಂಗ್ಲಿಷಿಗೆ ಬಂದವಷ್ಟೆ. ಆ ಹೊಳೆಯಲ್ಲಿ ತೇಲಿಬಂದ ಇದು 1300ರ ಸುಮಾರಿಗೆ ಇಂಗ್ಲಿಷಿನಲ್ಲಿ ನೆಲೆ ನಿಂತಿತು. 1400ರಲ್ಲಿ ತೀರಿಕೊಂಡ ಕವಿ ಚಾಸರನ ಬರಹದಲ್ಲಿ ಈ ಪದ ಕಂಡರೆ ಅದನ್ನು ಹೆಚ್ಚಾಗಿ ಮೂರ್ಖತನವೆಂದೇ ಓದಿಕೊಳ್ಳಬೇಕು. ಆ ಕಾಲದ ಇಂಗ್ಲಿಷರನ್ನು ಎದುರಿಗೆ ನಿಂತು ನೈಸ್ ಎಂದು ಕರೆದಿದ್ದರೆ ಜಗಳವಾಗುತ್ತಿತ್ತು.

ಇದೇ ಬೇರಿನ ಸೋದರಿ ಪದ ಸ್ಪ್ಯಾನಿಷಿನಲ್ಲಿ 'ನೆಸಿಯೊ' ಎಂದು ಇಂದಿಗೂ ಬದುಕಿದೆ. ಅದರ ಅರ್ಥ ಈಗಲೂ ಮೂರ್ಖ, ಹಟಮಾರಿ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬಳು ತವರಿನ ಮಾತನ್ನೇ ಆಡಿಕೊಂಡು ಉಳಿದಳು. ಇನ್ನೊಬ್ಬಳು ಇಂಗ್ಲೆಂಡಿಗೆ ಹೋಗಿ ಗುರುತೇ ಸಿಗದಂತೆ ಬದಲಾದಳು.

ಬದಲಾದದ್ದು ಹೇಗೆ? ಮೆಟ್ಟಿಲು ಮೆಟ್ಟಿಲಾಗಿ. ಪೆದ್ದತನದಿಂದ ಲಂಗುಲಗಾಮಿಲ್ಲದ ನಡತೆ, ಅತಿಯಾದ ಉಡುಗೆ ತೊಡುಗೆಯ ಷೋಕಿ. ಅಲ್ಲಿಂದ ಅತಿ ನಾಜೂಕು, ಅತಿ ಸಂಕೋಚ. ಅಲ್ಲಿಂದ ಎಲ್ಲದರಲ್ಲೂ ಕೊಂಕು ಹುಡುಕುವ ಸ್ವಭಾವ. ಕೊಂಕು ಹುಡುಕುವವನ ಕಣ್ಣು ಸೂಕ್ಷ್ಮ ತಾನೆ? ಹಾಗಾಗಿ ಸೂಕ್ಷ್ಮ, ಕರಾರುವಾಕ್ಕು ಎಂಬ ಅರ್ಥ. 16 ಮತ್ತು 17ನೆಯ ಶತಮಾನಗಳಲ್ಲಿ ಈ ಅರ್ಥಗಳೆಲ್ಲ ಒಟ್ಟೊಟ್ಟಿಗೆ ಬಳಕೆಯಲ್ಲಿದ್ದವು. ಆ ಕಾಲದ ಎಷ್ಟೋ ವಾಕ್ಯಗಳಲ್ಲಿ ಬರೆದವರು ಯಾವ ಅರ್ಥದಲ್ಲಿ ಬರೆದರೆಂದು ಹೇಳುವುದೇ ಕಷ್ಟ ಎಂದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರೇ ಒಪ್ಪಿಕೊಂಡಿದ್ದಾರೆ.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. 1597ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ಕೊನೆಯ ಅಂಕ. ಜೂಲಿಯೆಟ್ ಸತ್ತಿಲ್ಲ, ಮದ್ದಿನ ನಿದ್ದೆಯಲ್ಲಿದ್ದಾಳೆ ಎಂದು ರೋಮಿಯೋಗೆ ತಿಳಿಸುವ ಕಾಗದವನ್ನು ಪಾದ್ರಿ ಲಾರೆನ್ಸ್ ಇನ್ನೊಬ್ಬ ಪಾದ್ರಿಯ ಕೈಯಲ್ಲಿ ಕಳಿಸಿರುತ್ತಾನೆ. ಆತ ಹೊಕ್ಕ ಮನೆಯಲ್ಲಿ ಪ್ಲೇಗ್ ಇದೆಯೆಂಬ ಶಂಕೆಯಿಂದ ಊರಿನ ಕಾವಲಿನವರು ಬಾಗಿಲಿಗೆ ಮುದ್ರೆ ಹಾಕುತ್ತಾರೆ. ಕಾಗದ ಹೋಗಲೇ ಇಲ್ಲ, ವಾಪಸ್ಸು ಬಂತು. ಆಗ ಲಾರೆನ್ಸ್ ದಿಗಿಲಿನಿಂದ ಹೇಳುವುದು, ಆ ಕಾಗದ 'ನೈಸ್' ಆಗಿರಲಿಲ್ಲ, ಅದರಲ್ಲಿ ಭಾರವಾದ ವಿಷಯವಿತ್ತು ಎಂದು. ಇಂದಿನ ಅರ್ಥ ಹಿಡಿದು ಓದಿದರೆ ಇಡೀ ಮಾತು ಅಡ್ಡದಾರಿ ಹಿಡಿಯುತ್ತದೆ. ಅಲ್ಲಿ ಆ ಪದಕ್ಕೆ ಕ್ಷುಲ್ಲಕ ಎಂದು ಅರ್ಥ. ಎರಡು ಜೀವ ಹೋಗುವ ಹೊತ್ತಿನಲ್ಲಿ ಅದು ಅಲ್ಪ ವಿಷಯದ ಕಾಗದವಾಗಿರಲಿಲ್ಲ ಎಂದು ಅವನ ಸಂಕಟ. ನನ್ನ ತರಗತಿಯಲ್ಲಿ ಇದನ್ನು 'ಕಾಗದ ಚೆನ್ನಾಗಿರಲಿಲ್ಲ' ಎಂದು ಅನುವಾದಿಸಿದ ವಿದ್ಯಾರ್ಥಿಗಳಿದ್ದರು. ತಪ್ಪು ಅವರದ್ದಲ್ಲ. ಪದವೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟನ್ನು ಹೊರತಂದ. ಅದರಲ್ಲಿ 'ನೈಸ್' ಪದಕ್ಕೆ ಮೊದಲು ಸಿಗುವ ಅರ್ಥ ಅತಿ ಸಣ್ಣದನ್ನೂ ತೂಗಿ ನೋಡುವ ನಿಖರತೆ. ಏನೂ ಅರಿಯದವನ ಹೆಸರು ನಾಲ್ಕೂವರೆ ಶತಮಾನದಲ್ಲಿ ಎಲ್ಲವನ್ನೂ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅರಿತವನ ಹೆಸರಾಗಿತ್ತು. ಈ ಅರ್ಥ ಇಂದಿಗೂ ಪೂರ್ತಿ ಹೋಗಿಲ್ಲ. ನ್ಯಾಯಾಲಯದ ಇಂಗ್ಲಿಷಿನಲ್ಲಿ 'ಎ ನೈಸ್ ಪಾಯಿಂಟ್ ಆಫ್ ಲಾ' ಎಂದರೆ ಕಾನೂನಿನ ಒಳ್ಳೆಯ ಅಂಶವಲ್ಲ, ಕಾನೂನಿನ ಸೂಕ್ಷ್ಮ ಪ್ರಶ್ನೆ. 'ನೈಸ್ ಡಿಸ್ಟಿಂಕ್ಷನ್' ಎಂದರೆ ನವಿರಾದ ಭೇದ. ಭಾಷಾಂತರಕ್ಕೆ ಕೂರುವವರು ಈ ಎರಡನ್ನು ಬರೆದಿಟ್ಟುಕೊಳ್ಳಬೇಕು.

ಬೀಚನ್ ಬೆಟ್ಟದ ಮೇಲಿನ ವಾದ

ಜಾನ್ಸನ್ ನಿಘಂಟು ಬಂದ ಹದಿನೈದು ವರ್ಷದೊಳಗೆ, 1769ರ ಹೊತ್ತಿಗೆ, ಹಿತವಾದ, ಮನಸ್ಸಿಗೆ ಒಪ್ಪುವ ಎಂಬ ಹೊಸ ಅರ್ಥ ಬರಹದಲ್ಲಿ ಕಾಣತೊಡಗಿತು. ಆಮೇಲೆ ಅದನ್ನು ತಡೆಯುವವರೇ ಇಲ್ಲವಾಯಿತು. ಈ ತಿರುವನ್ನು ಕಣ್ಣಾರೆ ಕಂಡು ಕಾದಂಬರಿಯಲ್ಲಿ ಹಿಡಿದಿಟ್ಟವಳು ಜೇನ್ ಆಸ್ಟೆನ್. ಅವಳು 1817ರ ಜುಲೈಯಲ್ಲಿ ತೀರಿಕೊಂಡಳು. ಆ ಕಾದಂಬರಿ, 'ನಾರ್ಥ್ಯಾಂಗರ್ ಅಬಿ', ಅದೇ ಡಿಸೆಂಬರಿನಲ್ಲಿ ಹೊರಬಂತು.

ಬಾತ್ ಪಟ್ಟಣದ ಹೊರಗೆ ಬೀಚನ್ ಬೆಟ್ಟವಿದೆ. ಅದನ್ನು ಸುತ್ತಲು ಮೂವರು ಹೊರಟಿದ್ದಾರೆ. ಹದಿನೇಳರ ಹುಡುಗಿ ಕ್ಯಾಥರೀನ್, ಹೆನ್ರಿ ಟಿಲ್ನಿ, ಅವನ ತಂಗಿ ಎಲೆನರ್. ಕ್ಯಾಥರೀನ್ ಓದಿನ ಹುಚ್ಚಿನಲ್ಲಿದ್ದಾಳೆ. ಆನ್ ರ‍್ಯಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ 'ದಿ ಮಿಸ್ಟರೀಸ್ ಆಫ್ ಯುಡಾಲ್ಫೊ' ಅವಳ ತಲೆ ತುಂಬಿದೆ. ಲೋಕದಲ್ಲೆಲ್ಲ ಅದರಷ್ಟು ನೈಸಾದ ಪುಸ್ತಕ ಇನ್ನೊಂದಿಲ್ಲ ಅಲ್ಲವೇ ಎಂದು ಹೆನ್ರಿಯನ್ನು ಕೇಳುತ್ತಾಳೆ. ಅವನು ತಕ್ಷಣ ಪದವನ್ನು ಹಿಡಿದುಕೊಳ್ಳುತ್ತಾನೆ. ಅಚ್ಚುಕಟ್ಟು ಎಂಬ ಅರ್ಥದಲ್ಲಿ ಕೇಳುತ್ತಿದ್ದೀಯಾದರೆ ಅದು ರಟ್ಟು ಕಟ್ಟಿದವನ ಕೆಲಸ ನೋಡಿ ಹೇಳಬೇಕಾದದ್ದು ಎನ್ನುತ್ತಾನೆ. ಹುಡುಗಿ ಕಂಗೆಟ್ಟರೂ ಬಿಡುವುದಿಲ್ಲ. ಅದು ನೈಸಾದ ಪುಸ್ತಕ ಹೌದು, ಹಾಗೆಂದು ಕರೆದರೆ ತಪ್ಪೇನು ಎಂದು ಕೇಳುತ್ತಾಳೆ. ಹೆನ್ರಿ ಇನ್ನೂ ಮುಂದುವರಿದು, ಈ ದಿನವೂ ನೈಸ್, ಈ ನಡಿಗೆಯೂ ನೈಸ್, ನೀವಿಬ್ಬರೂ ನೈಸ್ ಎಂದು ರೇಗಿಸುತ್ತಾನೆ. ಹಿಂದೆ ಅಚ್ಚುಕಟ್ಟು, ಔಚಿತ್ಯ, ನವಿರುತನಗಳಿಗೆ ಮೀಸಲಾಗಿದ್ದ ಪದವನ್ನು ಈಗ ಎಲ್ಲದಕ್ಕೂ ಹಚ್ಚುತ್ತಾರೆ ಎಂಬುದು ಅವನ ಆಕ್ಷೇಪ. ಆಗ ತಂಗಿ ನಡುವೆ ಬಂದು, ಆ ಪದ ನಿಜವಾಗಿ ಒಪ್ಪುವುದು ನಿನಗೇ, ಅದೂ ಹೊಗಳಿಕೆಯಾಗಿ ಅಲ್ಲ ಎಂದು ಅಣ್ಣನ ಬಾಯಿ ಮುಚ್ಚಿಸುತ್ತಾಳೆ. ಅವಳು ಬಳಸಿದ್ದು ಕೊಂಕು ಹುಡುಕುವವನು ಎಂಬ ಹಳೆಯ ಅರ್ಥವನ್ನು.

ಒಂದೇ ಪುಟದಲ್ಲಿ ಪದದ ಮೂರು ವಯಸ್ಸು ಕಾಣುತ್ತದೆ. ಕ್ಯಾಥರೀನಳ ಬಾಯಲ್ಲಿ ಹೊಸ ಅರ್ಥ, ಹೆನ್ರಿಯ ನೆನಪಿನಲ್ಲಿ ನಡುವಿನ ಅರ್ಥ, ಎಲೆನರಳ ಮರುಮಾತಿನಲ್ಲಿ ಅದಕ್ಕೂ ಹಿಂದಿನದು. ಪಾಠ ಹೇಳುವಾಗ ಈ ಪುಟಕ್ಕೆ ಬಂದರೆ ನಾನು ಪ್ರತಿ ಸಲವೂ ಕೇಳುತ್ತಿದ್ದೆ: ಯಾರು ಸರಿ? ಹುಡುಗರು ಹೆನ್ರಿಯ ಕಡೆ, ಹುಡುಗಿಯರು ಕ್ಯಾಥರೀನಳ ಕಡೆ ಸೇರಿಬಿಡುತ್ತಿದ್ದರು. ನನ್ನ ತೀರ್ಪು ಹೀಗೆ. ಚರಿತ್ರೆಯಲ್ಲಿ ಗೆದ್ದವಳು ಕ್ಯಾಥರೀನ್. ಭಾಷೆ ಆಡುವವರದ್ದು, ಆಡುವವರು ಒಪ್ಪಿದ ಅರ್ಥವೇ ಅರ್ಥ. ಅವಳ ಮೆಚ್ಚುಗೆ ಅಪ್ಪಟವೂ ಹೌದು. ಆದರೆ ಹೆನ್ರಿ ಎತ್ತಿದ ಪ್ರಶ್ನೆ ಇನ್ನೂ ಉಳಿದಿದೆ. ಆ ಪುಸ್ತಕ ಅವಳನ್ನು ರಾತ್ರಿಯಿಡೀ ಹೆದರಿಸಿ, ನಡುಗಿಸಿ, ಕೆಳಗಿಡಲು ಬಿಡದೆ ಓದಿಸಿಕೊಂಡಿದೆ. ಅಷ್ಟೆಲ್ಲ ಆದ ಮೇಲೆ ಅವಳ ಬಾಯಿಗೆ ಬಂದದ್ದು ಬೆಟ್ಟದ ನಡಿಗೆಗೂ ಬಿಸಿಲಿಗೂ ಒಪ್ಪುವ ಅದೇ ಒಂದು ಪದ. ಅನುಭವ ದೊಡ್ಡದು, ಪದ ಚಿಕ್ಕದು. ನಷ್ಟವಾದದ್ದು ಅವಳ ಅನುಭವಕ್ಕೆ.

ಇಂದಿನ ಬಳಕೆ

ಇಂದಿನ ಇಂಗ್ಲಿಷಿನಲ್ಲಿ ಈ ಪದ ಹೇಗೆ ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಬೇಗ ಹೇಳಿ ಮುಂದೆ ಹೋಗುತ್ತೇನೆ. ಮೊದಲ ಭೇಟಿಯಲ್ಲಿ 'ನೈಸ್ ಟು ಮೀಟ್ ಯು' ಎನ್ನಬೇಕು. ಮೊದಲೇ ಪರಿಚಯವಿದ್ದವರಿಗೆ 'ನೈಸ್ ಟು ಸೀ ಯು'. ಎರಡನೆಯ ಸಲ ಸಿಕ್ಕವರಿಗೆ ಮೊದಲನೆಯದನ್ನು ಹೇಳಿದರೆ, ನೀವು ನನ್ನ ನೆನಪಿನಲ್ಲಿಲ್ಲ ಎಂದು ಹೇಳಿದಂತಾಗುತ್ತದೆ. 'ನೈಸ್ ಆಫ್ ಯು' ಎಂದರೆ ನಿಮ್ಮ ಒಳ್ಳೆಯತನ ಎಂಬ ಕೃತಜ್ಞತೆ. 'ನೈಸ್ ಅಂಡ್ ವಾರ್ಮ್' ಎಂದರೆ ಒಳ್ಳೆಯದೂ ಬೆಚ್ಚಗಿನದೂ ಅಲ್ಲ, ಹಿತವಾಗಿ ಬೆಚ್ಚಗೆ. ಅಲ್ಲಿ ಪದ ಮುಂದಿನ ಗುಣವನ್ನು ಹೆಚ್ಚಿಸುವ ಕೆಲಸವನ್ನಷ್ಟೇ ಮಾಡುತ್ತದೆ. 'ನೈಸ್ ಟ್ರೈ' ಎಂದರೆ ಯತ್ನವೇನೋ ಸರಿ, ಫಲ ಸಿಗಲಿಲ್ಲ ಎಂದು. ವ್ಯಕ್ತಿಯ ವಿಷಯದಲ್ಲಿ ಎಚ್ಚರ ಬೇಕು. ಕೆಲಸಕ್ಕೆ ಶಿಫಾರಸು ಬರೆಯುವಾಗ ಅಭ್ಯರ್ಥಿ ನೈಸ್ ಎಂದಷ್ಟೇ ಬರೆದರೆ, ಹೇಳಿಕೊಳ್ಳುವಂಥ ಬೇರೆ ಗುಣ ಅವರಲ್ಲಿಲ್ಲ ಎಂದು ಓದುವವರು ತಿಳಿಯುತ್ತಾರೆ. ಇಂಗ್ಲಿಷ್ ಬಳಕೆಯ ದೊಡ್ಡ ಕೈಪಿಡಿ ಬರೆದ ಫೌಲರ್ 1926ರಲ್ಲೇ ಈ ಪದ ತನ್ನತನವನ್ನೆಲ್ಲ ಕಳೆದುಕೊಂಡಿದೆ ಎಂದು ಕೊರಗಿದ್ದ.

ಇಂಥ ಗತಿ ಈ ಪದ ಒಂದಕ್ಕೇ ಬಂದದ್ದಲ್ಲ. 'ಸಿಲ್ಲಿ' ಒಂದು ಕಾಲಕ್ಕೆ ದೇವರ ಕೃಪೆಗೆ ಪಾತ್ರನಾದವನು, ಧನ್ಯ. ಜರ್ಮನಿನ 'ಜೇಲಿಗ್' ಇಂದಿಗೂ ಧನ್ಯನೇ. ಇಂಗ್ಲಿಷಿನಲ್ಲಿ ಧನ್ಯನು ಮೊದಲು ಸಾಧುವಾದ, ಸಾಧು ಪಾಪದವನಾದ, ಪಾಪದವನು ಪೆದ್ದನಾದ. 'ಫಾಂಡ್' ಅದಕ್ಕೆ ಎದುರು ದಾರಿ ಹಿಡಿಯಿತು: ಹುಚ್ಚು ಹಿಡಿದವನು ಅಕ್ಕರೆ ಉಳ್ಳವನಾದ.

ನಮ್ಮ ಮನೆಯಲ್ಲೂ ಇದೇ ನಡೆದಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಗಟ್ಟಿಯಾಯಿತು. ದೇವರುಗಳಿಗೆ ಪ್ರಿಯನಾದವನು ಎಂಬ ಆ ಘನವಾದ ಬಿರುದಿಗೆ ಸಂಸ್ಕೃತ ವ್ಯಾಕರಣಕಾರರು ಮೂರ್ಖ ಎಂಬ ಅರ್ಥ ಹೇಳಿದರು. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ 'ಸಿದ್ಧಾಂತ ಕೌಮುದಿ'ಯಲ್ಲಿ ಅದು ಸ್ಪಷ್ಟವಾಗಿದೆ. ಧನ್ಯನು ಪೆದ್ದನಾದ 'ಸಿಲ್ಲಿ'ಯ ದಾರಿಯೇ ಇದು. 'ನೈಸ್' ನಡೆದ ದಾರಿಗೆ ಜೊತೆ ಬೇಕೆಂದರೆ 'ಮುಗ್ಧ' ಇದೆ. ಸಂಸ್ಕೃತದ 'ಮುಹ್' ಧಾತುವಿಗೆ ಬುದ್ಧಿ ಮಂಕಾಗು ಎಂದು ಅರ್ಥ. ಅದರಿಂದ 'ಮೂಢ' ಹುಟ್ಟಿತು, 'ಮುಗ್ಧ'ವೂ ಹುಟ್ಟಿತು, 'ಮೋಹ'ವೂ ಹುಟ್ಟಿತು. ಒಂದೇ ಬೇರಿನ ಮೂಢ ಬೈಗುಳವಾಗಿ ಉಳಿಯಿತು. ಮುಗ್ಧ ಮೊದಲು ತಿಳಿವಳಿಕೆ ಸಾಲದವನಾಗಿ, ಆಮೇಲೆ ಕಪಟವಿಲ್ಲದವನಾಗಿ, ಚೆಲುವೂ ಆಗಿ ಬೆಳೆಯಿತು. ಮಗುವಿನ ನಗೆಯನ್ನು ಮುಗ್ಧ ಎಂದಾಗ ಅದರ ಅರಿಯದಿರುವಿಕೆಯನ್ನೇ ನಾವು ಚೆಲುವೆಂದು ಮೆಚ್ಚುತ್ತೇವೆ. 'ನೈಸ್' ಏಳುನೂರು ವರ್ಷದಲ್ಲಿ ನಡೆದ ದಾರಿಯ ಎರಡು ತುದಿಗಳೂ ನಮ್ಮ ಈ ಪದದಲ್ಲಿ ಕೂಡಿಕೊಂಡಿವೆ.

ಒರಳಿನ ಮುಂದೆ

ಈಗ ಈ ಇಂಗ್ಲಿಷ್ ಪದ ನಮ್ಮ ಅಡುಗೆಮನೆಗೆ ಬಂದ ಸಂಗತಿ. ನಾನು ಈ ಉಪನ್ಯಾಸಕ್ಕೆ ಇದನ್ನೇ ಆರಿಸಿಕೊಳ್ಳಲು ನಿಜವಾದ ಕಾರಣ ಅದು.

ನಮ್ಮ ತಾಯಿಗೆ ಇಂಗ್ಲಿಷಿನ ಅಕ್ಷರಗಳು ಬರುತ್ತಿರಲಿಲ್ಲ. ಸಂಜೆ ಒರಳಿನ ಮುಂದೆ ಕೂತು ದೋಸೆಗೆ ಅಕ್ಕಿ ಉದ್ದು ರುಬ್ಬುತ್ತಿದ್ದರು. ಗುಂಡು ತಿರುಗಿಸುವುದು ಹತ್ತು ವರ್ಷದ ನನ್ನ ಪಾಲಿನ ಕೆಲಸ, ಹಿಟ್ಟನ್ನು ಗುಂಡಿಗೆ ತಳ್ಳುವುದು ಅವರದ್ದು. ಕೈ ಸೋತು, ಸಾಕೇ ಎಂದು ಕೇಳಿದರೆ, ಹಿಟ್ಟಿನ ಒಂದು ಚೂರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಮೆಲ್ಲಗೆ ಉಜ್ಜುತ್ತಿದ್ದರು. ಕಣ್ಣು ಎಲ್ಲೋ ಇರುತ್ತಿತ್ತು, ಗಮನವೆಲ್ಲ ಬೆರಳ ತುದಿಯಲ್ಲಿ. 'ಇನ್ನೂ ತರಿ ಸಿಗ್ತಾ ಇದೆ. ನೈಸ್ ಆಗ್ಲಿ' ಎನ್ನುತ್ತಿದ್ದರು. ಮತ್ತೆ ಇಪ್ಪತ್ತು ಸುತ್ತು. ಮತ್ತೆ ಬೆರಳು. 'ಹಾಂ, ಈಗ ನೈಸಾಯ್ತು.'

ಆ ಮಾತನ್ನು ನಾನು ಜಾನ್ಸನ್ ನಿಘಂಟು ಓದಿದ ಎಷ್ಟೋ ವರ್ಷದ ಮೇಲೆ ಮತ್ತೆ ಕೇಳಿಸಿಕೊಂಡೆ. ಕನ್ನಡದ 'ನೈಸ್' ಪದಕ್ಕೆ ಹಿತ, ಒಳ್ಳೆಯದು ಎಂಬ ಸಡಿಲ ಅರ್ಥವಿಲ್ಲ. ತರಿಯಿಲ್ಲದ, ನುಣುಪಾದ ಎಂಬುದು ಅದರ ಅರ್ಥ. ಬೆರಳಿಟ್ಟು ಪರೀಕ್ಷಿಸಬಹುದಾದ ಅರ್ಥ. ಅದಕ್ಕೆ ಖಚಿತವಾದ ಎದುರು ಪದವೂ ಇದೆ: ತರಿ. ಹಿಟ್ಟಿನ ಗಿರಣಿಯಲ್ಲಿ ನೈಸಾಗಿ ಬೀಸಬೇಕೋ ತರಿಯಾಗಿ ಬೀಸಬೇಕೋ ಎಂದು ಕೇಳುತ್ತಾರೆ. ಉತ್ತರ ತಪ್ಪಿದರೆ ಮನೆಯಲ್ಲಿ ರೊಟ್ಟಿ ಕೆಡುತ್ತದೆ. ಬಡಗಿ ಹಲಗೆಯ ಮೇಲೆ ಅಂಗೈ ಸವರಿ, ಇನ್ನೂ ನೈಸ್ ಮಾಡಬೇಕು ಎನ್ನುತ್ತಾನೆ. ಒಂದು ಪದದ ಅರ್ಥ ಗಟ್ಟಿಯೋ ಸಡಿಲವೋ ಎಂದು ತಿಳಿಯಲು ಅದರ ಎದುರು ಪದವನ್ನು ಕೇಳಿ ನೋಡಿ. ಇಂಗ್ಲಿಷಿನ 'ನೈಸ್'ಗೆ ಎದುರು ಪದವೇನೆಂದು ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತವೆ. ನಮ್ಮ ತಾಯಿಯನ್ನು ಕೇಳಿದ್ದರೆ ಒಂದೇ ಉತ್ತರ ಬರುತ್ತಿತ್ತು.

ಈ ಪದ ಕನ್ನಡದಲ್ಲಿ ಹೀಗೆ ನೆಲೆಯೂರಲು 'ನಯ' ಪಕ್ಕದಲ್ಲೇ ಇದ್ದದ್ದು ನೆರವಾಯಿತೆಂದು ನನಗೆ ಕಾಣುತ್ತದೆ. ನಯಕ್ಕೆ ಮೇಲ್ಮೈಯ ನುಣುಪು ಎಂಬ ಅರ್ಥವಿದೆ, ಮಾತಿನ ಮೃದುತನ ಎಂಬ ಅರ್ಥವಿದೆ, ನಯವಂಚಕ ಎನ್ನುವಾಗ ಕಪಟದ ನೆರಳೂ ಇದೆ. 'ನೈಸ್' ಬಂದು ಇದೇ ಮೂರು ಕೋಣೆಗಳಲ್ಲಿ ಇಳಿದುಕೊಂಡಿತು. ಹಿಟ್ಟು ನೈಸಾಯಿತು. ಕೆಲಸ ಆಗಬೇಕಾದವನು ಬಂದು ನೈಸ್ ಮಾಡಿ ಮಾತಾಡಿದ. ಬಿಲ್ಲು ಕೊಡುವ ಹೊತ್ತಿಗೆ ಗೆಳೆಯ ನೈಸಾಗಿ ಜಾರಿಕೊಂಡ. ತಮಿಳಿನವರೂ ನುಣ್ಣಗೆ ಅರೆಯುವುದಕ್ಕೆ ಇದೇ ಪದ ಬಳಸುತ್ತಾರೆ. ಇಂಗ್ಲಿಷಿನ ಡ್ರಾಯಿಂಗ್ ರೂಮಿನಲ್ಲಿ ಅಂಚು ಸವೆಸಿಕೊಂಡ ಪದಕ್ಕೆ ದಕ್ಷಿಣದ ಹೆಂಗಸರು ಒರಳಿನ ಮುಂದೆ ಕೂತು ಹೊಸ ಅಂಚು ಕೊಟ್ಟರು. ಎರವಲು ಪದವೆಂದರೆ ಭಾಷೆ ಕೆಡುತ್ತದೆ ಎಂದು ಭಯಪಡುವವರು ಇದನ್ನು ನೋಡಬೇಕು. ಗಮನವಿಟ್ಟು ಬಳಸಿದರೆ ಎರವಲು ಪದವೂ ಮನೆಯ ಪದಕ್ಕಿಂತ ಚೂಪಾಗುತ್ತದೆ.

ಚೆನ್ನದ ಚಿಂತೆ

ನನ್ನ ಚಿಂತೆ ಇರುವುದು ಮನೆಯ ಪದದ ಬಗ್ಗೆಯೇ. ಇಂಗ್ಲಿಷರ 'ನೈಸ್' ಮಾಡುವ ಕೆಲಸವನ್ನು ನಮ್ಮಲ್ಲಿ ಮಾಡುವುದು 'ಚೆನ್ನ'. ಬಹಳ ದೊಡ್ಡ ಪದ ಅದು. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ದೇವರು ಇಂದು ಚೆನ್ನಕೇಶವ. ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಆ ಅಂಕಿತವನ್ನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ ಎಂದು ಕರೆದರು. ಆ ಹೂವೂ ಬಣ್ಣವೂ ಹೆಸರಿನಲ್ಲೇ ಇವೆ: ಮಲ್ಲಿಕಾ ಎಂದರೆ ಮಲ್ಲಿಗೆ, ಅರ್ಜುನ ಎಂದರೆ ಬಿಳಿ. ಚೆನ್ನಕ್ಕೆ ಬೇರೊಂದು ಪದ ಹುಡುಕದೆ ಅವರು ಆ ಹೂವನ್ನೂ ಬಣ್ಣವನ್ನೂ ಮುಂದಿಟ್ಟರು. ಸವೆದ ಹೊಗಳಿಕೆಯ ಪದಗಳನ್ನು ಬಿಟ್ಟು ಕಣ್ಣಿಗೆ ಕಾಣುವ ಪದವನ್ನು ಹಿಡಿದರು. ಒಳ್ಳೆಯ ಅನುವಾದಕನ ಗಮನ ಅಂಥದ್ದು.

ಊರೂರಿನಲ್ಲಿ ಈ ಮೆಚ್ಚುಗೆಗೆ ಬೇರೆ ಬೇರೆ ಪದಗಳಿವೆ. ಧಾರವಾಡದ ಕಡೆ 'ಛಲೋ ಐತಿ'. ಹಳೆ ಮೈಸೂರಿನಲ್ಲಿ 'ಪಸಂದಾಗಿದೆ'. ಕರಾವಳಿಯಲ್ಲಿ 'ಲಾಯ್ಕ್ ಉಂಟು'. ಯೋಗ್ಯ ಎಂಬ ಅರ್ಥದ ಅರಬ್ಬಿ ಪದ ಅದು. ಒಳನಾಡಿನಲ್ಲಿ 'ನಾಲಾಯಕ್' ಎಂದು ಬೈಗುಳದಲ್ಲಿ ಹೆಚ್ಚಾಗಿ ಕೇಳಿಬರುವ ಅದನ್ನು ಕುಂದಾಪುರದವರೂ ಹವ್ಯಕರೂ ಚೆಂದದ ಪದವನ್ನಾಗಿ ಮಾಡಿಕೊಂಡರು. ಗಟ್ಟಿ, ಕಠಿಣ ಎಂಬ ಅರ್ಥದ ಪಾರಸಿಯ 'ಸಖ್ತ್' ಬೆಂಗಳೂರಿನ ಹುಡುಗರ ಬಾಯಲ್ಲಿ 'ಸಖತ್' ಎಂಬ ಹೊಗಳಿಕೆಯಾಯಿತು. ಇವೆಲ್ಲ ಬದುಕಿರುವ ಭಾಷೆಯ ಲಕ್ಷಣ, ಸಂತೋಷದ ವಿಷಯ.

ಇಷ್ಟೇ ಅಲ್ಲ. ಕನ್ನಡ ಮೆಚ್ಚುಗೆಯನ್ನು ಇಂದ್ರಿಯಕ್ಕೊಂದರಂತೆ ಹಂಚಿಟ್ಟಿದೆ. ಕಿವಿಗೆ ಇಂಪು. ಮೂಗಿಗೆ ಕಂಪು. ಮೈಗೆ ತಂಪು. ನಾಲಗೆಗೆ ಸವಿ. ಕೈಗೆ ನುಣುಪು. ಕಣ್ಣಿಗೆ ಚೆಲುವು. ಮನಸ್ಸಿಗೆ ಹಿತ, ನೆಮ್ಮದಿ. ಮರಗಿಡಕ್ಕೆ ಸೊಂಪು. ಇವೆಲ್ಲದರ ಮೇಲೆ 'ಹದ' ಎಂಬ ಇನ್ನೊಂದು ಪದ. ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ, ಮದ್ದಳೆಯ ಚರ್ಮಕ್ಕೆ ಹದ, ಮಾತಿಗೂ ಹದ. ಎಳ್ಳಷ್ಟು ಹೆಚ್ಚೂ ಇಲ್ಲ, ಎಳ್ಳಷ್ಟು ಕಡಿಮೆಯೂ ಇಲ್ಲ ಎಂಬ ಈ ನಿಖರತೆಯನ್ನೇ ಇಂಗ್ಲಿಷಿನ 'ನೈಸ್' ಎರಡು ಶತಮಾನ ಹೊತ್ತುಕೊಂಡಿತ್ತು. ಅವರಲ್ಲಿ ಅದು ಬಹುಪಾಲು ಸವೆದುಹೋಯಿತು. ನಮ್ಮಲ್ಲಿ ಇನ್ನೂ ಉಳಿದಿದೆ.

ಉಳಿದಿದೆ ಎನ್ನುವಾಗ ನನ್ನ ಧ್ವನಿ ತಗ್ಗುತ್ತದೆ. ಏಕೆಂದರೆ ಸಂಗೀತ ಕಚೇರಿ ಮುಗಿಸಿ ಬಂದವರು 'ಚೆನ್ನಾಗಿತ್ತು' ಎನ್ನುತ್ತೇವೆ. ಊಟ ಮಾಡಿ 'ಚೆನ್ನಾಗಿತ್ತು'. ಗೆಳೆಯ ವರ್ಷಗಟ್ಟಲೆ ಕೂತು ಬರೆದ ಕಾದಂಬರಿ ಓದಿ 'ಚೆನ್ನಾಗಿದೆ'. ಕವಿತೆ ಕಳಿಸಿದವರಿಗೆ ಒಂದು ಹೆಬ್ಬೆರಳ ಚಿತ್ರ, ಅದರ ಪಕ್ಕ 'ನೈಸ್'. ಒಂದು ತಲೆಮಾರಿನ ಮಕ್ಕಳು ಇಂಪು ಕಂಪುಗಳನ್ನು ಪಠ್ಯಪುಸ್ತಕದ ಪ್ರಾಸವೆಂದು ಮಾತ್ರ ಬಲ್ಲರು. ಬಾಯಲ್ಲಿ ಅವಕ್ಕೆ ಜಾಗವಿಲ್ಲ. ಬೀಚನ್ ಬೆಟ್ಟದ ಮೇಲೆ ಕ್ಯಾಥರೀನಳಿಗೆ ಆದದ್ದೇ ನಮಗೂ ಆಗುತ್ತಿದೆ. ಪದ ಹೋದರೆ ಪದವಷ್ಟೇ ಹೋಗುವುದಿಲ್ಲ, ಅದು ಹುಡುಕಿ ತೋರಿಸುತ್ತಿದ್ದ ಭೇದವೂ ಹೋಗುತ್ತದೆ. ಇಂಪೆನ್ನಲು ಮರೆತವನ ಕಿವಿ ನಿಧಾನವಾಗಿ ಇಂಪನ್ನು ಬೇರೆಯಾಗಿ ಕೇಳುವುದನ್ನೂ ಮರೆಯುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೆ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. 'ನೈಸ್' ಎನ್ನಬೇಡಿ ಎಂದು ನಾನು ಹೇಳುವುದಿಲ್ಲ. ಅನ್ನಿ. 'ಚೆನ್ನಾಗಿದೆ' ಎನ್ನಿ, 'ಸಖತ್' ಎನ್ನಿ. ಆದರೆ ಅಲ್ಲಿಗೇ ನಿಲ್ಲಿಸದೆ ಅದರ ಬೆನ್ನಿಗೆ ಇನ್ನೊಂದು ವಾಕ್ಯ ಸೇರಿಸಿ. ಏನು ಚೆನ್ನಾಗಿತ್ತು? ಹಾಡಿದವರು ಯಾವ ಸ್ವರದ ಮೇಲೆ ನಿಂತಾಗ ನಿಮಗೆ ಉಸಿರು ನಿಂತಂತಾಯಿತು? ಸಾರಿನಲ್ಲಿ ಮೆಣಸು ಮುಂದಿತ್ತೋ ಇಂಗು ಮುಂದಿತ್ತೋ? ಕಾದಂಬರಿಯ ಯಾವ ಪುಟದಲ್ಲಿ ಓದುವುದನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದಿರಿ? ಆ ಎರಡನೆಯ ವಾಕ್ಯ ಹೇಳಬೇಕಾದರೆ ನೀವು ಹಿಂದಿರುಗಿ ನೋಡಲೇಬೇಕು. ನೋಡಿದರೆ ಪದ ಸಿಗುತ್ತದೆ. ಇಂದು ಸಂಜೆ ಮನೆಗೆ ಹೋದಾಗ ಅಡುಗೆ ಮಾಡಿದವರಿಗೆ ಅಂಥ ಒಂದು ವಾಕ್ಯ ಹೇಳಿ ನೋಡಿ.

ನಮ್ಮ ತಾಯಿ ಒಂದು ಚೂರು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡದೆ ಎಂದೂ ನೈಸ್ ಎಂದವರಲ್ಲ. ಮಾತನ್ನು ಬಳಸುವ ಮೊದಲು ನಾವೂ ಅಷ್ಟು ಮಾಡಿದರೆ, ಹಿಂದಿನವರು ಬಿಟ್ಟ ದತ್ತಿಯನ್ನು ಕಾದಂತಾಗುತ್ತದೆ.